ಬೇಲಿಯೊಳಗಿನ ಸಮಾನತೆ

ಸಂಗೀತಕ್ಕೆ ಜಾತಿಯಿಲ್ಲ, ಕುಣಿತಕ್ಕೆ ಮೇಲು ಕೀಳಿಲ್ಲ ಅನ್ನೋ ಮಾತನ್ನು ನಾವು ಹುಟ್ಟಿದಾಗಿನಿಂದ ಕೇಳಿಕೊಂಡು ಬಂದಿದ್ದೇವೆ. ಈ ಮಾತು ಹೇಳುವವರು ಸಾಮಾನ್ಯವಾಗಿ ಜಗಲಿ ಮೇಲೆ ಕೂತು ಕೇಳುವವರು. ತಮಟೆ ಬಡಿಯುವವರ ಬಾಯಲ್ಲಿ ಈ ಮಾತು ಬಂದದ್ದನ್ನು ನಾವು ಕಾಣೆವು. ಈಗ ಅದೇ ಮಾತು ಹೊಸ ವೇಷ ಹಾಕಿಕೊಂಡು ಬಂದಿದೆ. ಎಲೆಕ್ಟ್ರಾನಿಕ್ ಡ್ಯಾನ್ಸ್ ಮ್ಯೂಸಿಕ್ ಅಂತ ಅದರ ಹೆಸರು, ಚಿಕ್ಕದಾಗಿ ಇಡಿಎಂ. ಗಣೇಶನ ಮೆರವಣಿಗೆಯಲ್ಲಿ ಟ್ರ್ಯಾಕ್ಟರ್ ಮೇಲೆ ಕಟ್ಟಿಕೊಂಡು ಬರುವ ಡಿಜೆ ಇದರ ಬಡ ನೆಂಟ. ಬೆಲ್ಜಿಯಂ ದೇಶದ ಬೋಮ್ ಅನ್ನೋ ಪುಟ್ಟ ಪಟ್ಟಣದಲ್ಲಿ 2005ರಲ್ಲಿ ಶುರುವಾದ ಟುಮಾರೋಲ್ಯಾಂಡ್ ಉತ್ಸವಕ್ಕೆ ಈಗ ಎರಡು ವಾರಾಂತ್ಯಗಳಲ್ಲಿ ಸುಮಾರು 4 ಲಕ್ಷ ಜನ ಸೇರುತ್ತಾರೆ. ಅಮೆರಿಕದ ಲಾಸ್ ವೇಗಸ್‌ನ ಎಲೆಕ್ಟ್ರಿಕ್ ಡೈಸಿ ಕಾರ್ನಿವಲ್‌ಗೆ ಒಂದೊಂದು ರಾತ್ರಿಗೂ ಲಕ್ಷಕ್ಕೆ ಮಿಕ್ಕಿ ಜನ. ನಮ್ಮ ಮಗ್ಗುಲ ಗೋವಾದಲ್ಲಿ 2007ರಲ್ಲಿ ಸನ್‌ಬರ್ನ್ ಹುಟ್ಟಿತು. ಹೋಗಿ ಬಂದವರು ಯಾವ ದೇಶದವರಾದರೂ ಹೇಳೋದು ಒಂದೇ: ಅಲ್ಲಿ ನಾವೆಲ್ಲ ಒಂದಾಗಿಬಿಟ್ಟೆವು.

ಈ ಒಂದಾಗುವುದು ನಿಜವೋ ಸುಳ್ಳೋ? ಮೂರು ದಿನದ ಸಮಾನತೆಗೆ ಸಮಾನತೆ ಅನ್ನೋ ಹೆಸರು ಸಲ್ಲುತ್ತದೆಯೋ ಇಲ್ಲವೋ? ನಾವು ಕೇಳಬೇಕಾದ ಪ್ರಶ್ನೆ ಇದು.

ಮೊದಲು ಆ ಅನುಭವಕ್ಕೆ ಅದರ ಪಾಲನ್ನು ಕೊಟ್ಟುಬಿಡೋಣ. ಆಳೆತ್ತರಕ್ಕಿಂತ ಎತ್ತರವಾಗಿ ಪೇರಿಸಿದ ಸ್ಪೀಕರುಗಳಿಂದ ಹೊರಡುವ ತಗ್ಗು ಸದ್ದು ಕಿವಿಗಿಂತ ಮೊದಲು ಎದೆಗೂಡಿಗೆ ಬಡಿಯುತ್ತದೆ. ನಿಮಿಷಕ್ಕೆ 120, 130, ಕೆಲವೊಮ್ಮೆ 140 ಪೆಟ್ಟು. ಹಾಡು ಮುಗಿಯೋದೇ ಇಲ್ಲ. ಒಂದು ಇನ್ನೊಂದರೊಳಕ್ಕೆ ಕರಗಿ ಗಂಟೆಗಟ್ಟಲೆ ನಡೆಯುತ್ತದೆ. ಪದ ಇಲ್ಲದ ಕಡೆ ಭಾಷೆಯ ಅಹಂಕಾರವೂ ಇಲ್ಲ. ಹೆಜ್ಜೆ ಕಲಿತು ಬರಬೇಕಾಗಿಲ್ಲ, ಗುರು ಬೇಕಾಗಿಲ್ಲ, ಪಕ್ಕವಾದ್ಯದ ಮಡಿ ಇಲ್ಲ. ಅಮೆರಿಕದ ಕುಣಿತದ ಹುಡುಗ ಹುಡುಗಿಯರು ನಾಲ್ಕು ಮಾತಿನ ಮಂತ್ರವನ್ನೂ ಮಾಡಿಕೊಂಡಿದ್ದಾರೆ: ಶಾಂತಿ, ಪ್ರೀತಿ, ಒಗ್ಗಟ್ಟು, ಗೌರವ. ಗುರುತಿಲ್ಲದವರ ಕೈಗೆ ಪ್ಲಾಸ್ಟಿಕ್ ಮಣಿಯ ಬಳೆ ತೊಡಿಸುತ್ತಾರೆ. ಮೈಗೆ ಮೈ ತಾಗಿದರೆ ಯಾರೂ ಸರಿದು ನಿಲ್ಲುವುದಿಲ್ಲ. ಮೈ ತಾಗಿದರೆ ನೀರು ಹೊಯ್ದುಕೊಳ್ಳುವ ನಾಡಿನಿಂದ ಹೋದವರಿಗೆ ಇದು ಸಣ್ಣ ಸಂಗತಿಯಲ್ಲ.

ನಮ್ಮ ಕೇರಿಗಳಿಂದ ಹಾಸ್ಟೆಲಿಗೆ, ಹಾಸ್ಟೆಲಿನಿಂದ ಬೆಂಗಳೂರಿನ ಕಂಪನಿಗಳಿಗೆ ಹೋದ ಮಕ್ಕಳಲ್ಲೂ ಕೆಲವರು ಇಂಥ ಕಡೆ ಹೋಗಿ ಬರುತ್ತಿದ್ದಾರೆ. ಅವರು ಹೇಳುವ ಒಂದು ಮಾತನ್ನು ನಾವು ಅಲ್ಲಗಳೆಯಲಾರೆವು. 'ಅಲ್ಲಿ ಯಾರೂ ನಮ್ಮನ್ನು ಯಾವ ಪೈಕಿ ಅಂತ ಕೇಳಲಿಲ್ಲ.' ಬಾಡಿಗೆ ಮನೆ ಹುಡುಕುವಾಗ, ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚುವಾಗ, ಮದುವೆ ಮಾತು ಎತ್ತಿದಾಗ ಅವರು ಈ ಪ್ರಶ್ನೆಯನ್ನು ನಾನಾ ರೂಪದಲ್ಲಿ ಉಂಡಿದ್ದಾರೆ. ಒಂದು ರಾತ್ರಿ ಆ ಪ್ರಶ್ನೆ ಇಲ್ಲದೆ ಉಸಿರಾಡಿದರೆ ಅದಕ್ಕೆ ಬೆಲೆ ಇಲ್ಲವೇ? ನಮ್ಮ ಹಿರಿಯ ಕಾರ್ಯಕರ್ತರಲ್ಲಿ ಕೆಲವರು ಇದನ್ನೆಲ್ಲ ಬಂಡವಾಳಶಾಹಿಯ ಅಮಲು, ಹೊಟ್ಟೆ ತುಂಬಿದವರ ಕುಣಿತ ಅಂತ ಒಂದೇ ಮಾತಿಗೆ ತಳ್ಳಿಹಾಕುತ್ತಾರೆ. ಅಷ್ಟು ಸುಲಭವಾಗಿ ತಳ್ಳಿಹಾಕಬೇಕಾದರೆ ಈ ಕುಣಿತದ ತಾಯಿ ತಂದೆ ಯಾರು ಅಂತ ಗೊತ್ತಿರಬಾರದು.

ಇದು ಹುಟ್ಟಿದ್ದು ಹೊಟ್ಟೆ ತುಂಬಿದವರ ಮನೆಯಲ್ಲಲ್ಲ. 1977ರಲ್ಲಿ ಅಮೆರಿಕದ ಚಿಕಾಗೋ ನಗರದಲ್ಲಿ ವೇರ್‌ಹೌಸ್ ಅನ್ನೋ ಕುಣಿತದ ಜಾಗವೊಂದು ತೆರೆಯಿತು. ಹೆಸರೇ ಹೇಳುವ ಹಾಗೆ ಗೋದಾಮು. ಅಲ್ಲಿಗೆ ಬರುತ್ತಿದ್ದವರಲ್ಲಿ ಬಹುಪಾಲು ಕರಿಯರು ಮತ್ತು ಲ್ಯಾಟಿನ್ ಮೂಲದ ಬಡವರು, ಅವರಲ್ಲೂ ಗಂಡನ್ನು ಪ್ರೀತಿಸುವ ಗಂಡಸರು. ಬಿಳಿಯರಿಗೆ ಅವರು ಕರಿಯರು, ತಮ್ಮ ಮನೆಯವರಿಗೇ ಅವರು ಮರ್ಯಾದೆ ಕಳೆದವರು. ಎರಡು ಕಡೆಯಿಂದಲೂ ಹೊರಗೆ ನಿಂತವರು. ಫ್ರ್ಯಾಂಕಿ ನಕಲ್ಸ್ ಅನ್ನೋ ಕರಿಯ ಡಿಜೆ ಅಲ್ಲಿ ರಾತ್ರಿಯೆಲ್ಲ ತಟ್ಟೆ ತಿರುಗಿಸುತ್ತಿದ್ದ. ಆ ಗೋದಾಮಿನ ಹೆಸರಿನಿಂದಲೇ 'ಹೌಸ್' ಸಂಗೀತ ಅನ್ನೋ ಹೆಸರು ಬಂತು.

ಇನ್ನೊಂದು ಕಥೆ ಕೇಳಿ. 1979ರ ಜುಲೈ 12ರಂದು ಅದೇ ಚಿಕಾಗೋದ ಬೇಸ್‌ಬಾಲ್ ಮೈದಾನದಲ್ಲಿ ರೇಡಿಯೋದವನೊಬ್ಬ ಡಿಸ್ಕೊ ತಟ್ಟೆಗಳನ್ನು ರಾಶಿ ಹಾಕಿ ಸಿಡಿಸುವ ತಮಾಷೆ ಏರ್ಪಡಿಸಿದ. ಒಂದು ಡಿಸ್ಕೊ ತಟ್ಟೆ ತಂದವರಿಗೆ 98 ಸೆಂಟ್‌ಗೆ ಒಳಗೆ ಪ್ರವೇಶ. ಸುಮಾರು 50 ಸಾವಿರ ಜನ ಸೇರಿದರು. ಸಿಡಿತ ಆದ ಮೇಲೆ ಸಾವಿರಾರು ಜನ ಮೈದಾನಕ್ಕೆ ನುಗ್ಗಿ ಎರಡನೇ ಆಟವೇ ನಿಂತುಹೋಯಿತು. ಆವತ್ತು ಆ ಮೈದಾನದಲ್ಲಿ ಜನರಿಗೆ ಜಾಗ ತೋರಿಸುವ ಕೂಲಿ ಮಾಡುತ್ತಿದ್ದ ವಿನ್ಸ್ ಲಾರೆನ್ಸ್ ಅನ್ನೋ ಕರಿಯ ಹುಡುಗ ಒಂದನ್ನು ಗಮನಿಸಿದ. ಜನ ತಂದಿದ್ದ ತಟ್ಟೆಗಳಲ್ಲಿ ಎಷ್ಟೋ ಡಿಸ್ಕೊ ಆಗಿರಲೇ ಇಲ್ಲ, ಬರೇ ಕರಿಯರ ಹಾಡಾಗಿದ್ದವು. ಸುಟ್ಟದ್ದು ಯಾವುದನ್ನು ಅಂತ ಅವನಿಗೆ ಅರ್ಥವಾಯಿತು. ಐದು ವರ್ಷದ ಮೇಲೆ, 1984ರಲ್ಲಿ, ಅವನೂ ಜೆಸ್ಸಿ ಸಾಂಡರ್ಸ್ ಅನ್ನೋ ಗೆಳೆಯನೂ ಸೇರಿ ಹೊರತಂದ 'ಆನ್ ಅಂಡ್ ಆನ್' ಮೊದಮೊದಲ ಹೌಸ್ ತಟ್ಟೆಗಳಲ್ಲಿ ಒಂದಾಯಿತು. ಸುಟ್ಟ ಬೂದಿಯ ಪಕ್ಕ ನಿಂತಿದ್ದವನೇ ಹೊಸದನ್ನು ಕಟ್ಟಿದ.

ಅವರು ಬಳಸಿದ ಸಾಮಾನೂ ಉಳ್ಳವರು ಬೇಡ ಅಂತ ಬಿಟ್ಟದ್ದು. ಜಪಾನಿನ ರೋಲ್ಯಾಂಡ್ ಕಂಪನಿ 1980ರಲ್ಲಿ ಟಿಆರ್-808 ಅನ್ನೋ ಡ್ರಮ್ ಮಷೀನ್ ತಂದಿತು. ನಿಜವಾದ ಡ್ರಮ್ಮಿನ ಹಾಗೆ ಕೇಳಲ್ಲ ಅಂತ ಸಂಗೀತದ ದೊಡ್ಡವರು ಮೂಗು ಮುರಿದರು. ಮೂರೇ ವರ್ಷಕ್ಕೆ ಅದರ ತಯಾರಿಕೆ ನಿಂತಿತು. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಅಗ್ಗಕ್ಕೆ ಬಿದ್ದಿದ್ದ ಅದನ್ನು ಚಿಕಾಗೋ ಮತ್ತು ಡೆಟ್ರಾಯ್ಟ್‌ನ ಕರಿಯ ಹುಡುಗರು ಎತ್ತಿಕೊಂಡರು. ಸತ್ತ ದನದ ತೊಗಲಿನಿಂದ ನಾದ ತೆಗೆದ ಜನ ನಾವು. ಬಿಸಾಕಿದ ವಸ್ತುವಿನಿಂದ ಜೀವ ಎಬ್ಬಿಸುವ ಈ ಕೆಲಸ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆ ಗೋದಾಮಿನ ಒಂದಾಗುವಿಕೆ ಸುಳ್ಳಾಗಿರಲಿಲ್ಲ ಅಂತ ನಾವು ಹೇಳುತ್ತೇವೆ. ಯಾಕೆ ಅಂದರೆ ಅವರಿಗೆ ಹೊರಗೆ ಎಲ್ಲೂ ಜಾಗವಿರಲಿಲ್ಲ. ಒಳಗೆ ಬಂದವರೆಲ್ಲ ಒಂದೇ ಗಾಯ ಹೊತ್ತು ಬಂದಿದ್ದರು. ಒಂದಾಗೋದು ಅವರಿಗೆ ಮೋಜಾಗಿರಲಿಲ್ಲ, ಬದುಕಿ ಉಳಿಯುವ ದಾರಿಯಾಗಿತ್ತು.

ಆದರೆ ಗೋದಾಮಿನಿಂದ ಮೈದಾನಕ್ಕೆ ಬರುವ ಹೊತ್ತಿಗೆ ಏನಾಯಿತು? ಜರ್ಮನಿಯ ಕಡೆ ನೋಡಿ. 1989ರ ಜುಲೈನಲ್ಲಿ, ಬರ್ಲಿನ್ ಗೋಡೆ ಬೀಳಲು ಇನ್ನೂ ನಾಲ್ಕು ತಿಂಗಳಿರುವಾಗ, ಪಶ್ಚಿಮ ಬರ್ಲಿನ್ನಿನ ಬೀದಿಯಲ್ಲಿ ಸುಮಾರು 150 ಜನ ಲವ್ ಪರೇಡ್ ಅಂತ ಕುಣಿದರು. ಶಾಂತಿಗಾಗಿ ಮಾಡುವ ರಾಜಕೀಯ ಮೆರವಣಿಗೆ ಅಂತಲೇ ಅದನ್ನು ನೋಂದಾಯಿಸಿದ್ದರು. ಹತ್ತು ವರ್ಷದಲ್ಲಿ ಅದು ಹತ್ತು ಲಕ್ಷ ದಾಟಿತು. 2001ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಇದು ಮೆರವಣಿಗೆಯಲ್ಲ, ಬರೇ ಮನರಂಜನೆ ಅನ್ನುವ ನಿಲುವನ್ನು ಎತ್ತಿಹಿಡಿಯಿತು. ಆಮೇಲೆ ಕಸ ಗುಡಿಸುವ ಖರ್ಚು ಯಾರದ್ದು ಅನ್ನೋ ಜಗಳ ಬಂತು, ದುಡ್ಡು ಹಾಕುವ ಕಂಪನಿ ಬಂತು, ಉತ್ಸವ ಊರಿಂದೂರಿಗೆ ಹೋಯಿತು. 2010ರ ಜುಲೈ 24ರಂದು ಡೂಯಿಸ್‌ಬುರ್ಗ್ ನಗರದ ಹಳೆಯ ರೈಲು ಗೂಡ್ಸ್ ಯಾರ್ಡಿನಲ್ಲಿ, ಬೇಲಿ ಹಾಕಿದ ಜಾಗಕ್ಕೆ ಹೋಗಲೂ ಬರಲೂ ಸುರಂಗದ ಮೂಲಕ ಒಂದೇ ಇಳಿಜಾರು ದಾರಿಯಾಗಿ, 21 ಜನ ನೂಕಾಟದಲ್ಲಿ ಉಸಿರು ಕಟ್ಟಿ ಸತ್ತರು. ಗಾಬರಿ ಹಬ್ಬದಿರಲಿ ಅಂತ ಮೇಲೆ ಸಂಗೀತ ಗಂಟೆಗಟ್ಟಲೆ ನಡೆಯುತ್ತಲೇ ಇತ್ತು. 2017ರಲ್ಲಿ ಶುರುವಾದ ಮೊಕದ್ದಮೆ 2020ರ ಮೇ ತಿಂಗಳಲ್ಲಿ ತೀರ್ಪೇ ಇಲ್ಲದೆ ಮುಗಿಯಿತು.

ಗೆಳೆಯರೆ, ಮೇಲೆ ಕುಣಿಯುತ್ತಿದ್ದವರು ಕೆಟ್ಟವರಾಗಿರಲಿಲ್ಲ. ಅವರಿಗೆ ಗೊತ್ತೇ ಇರಲಿಲ್ಲ. ಆದರೆ ನಾವೆಲ್ಲ ಒಂದು ಅಂತ ಎದೆ ತುಂಬಿ ಅನಿಸುತ್ತಿರುವ ಹೊತ್ತಿಗೇ, ಅದೇ ಜನಜಂಗುಳಿಯ ಒಂದು ತುದಿ ಕೆಳಗೆ ಸಾಯುತ್ತಿತ್ತು. ಒಂದಾಗಿದ್ದೇವೆ ಅನ್ನೋ ಭಾವ ಬೇರೆ, ಒಬ್ಬರ ಕಷ್ಟ ಇನ್ನೊಬ್ಬರಿಗೆ ಮುಟ್ಟುವುದು ಬೇರೆ. ಭಾವ ಸುಳ್ಳಲ್ಲದಿರಬಹುದು, ಆದರೆ ಅದಕ್ಕೆ ಕಣ್ಣಿಲ್ಲ.

ಈಗ ದುಡ್ಡಿನ ಲೆಕ್ಕ. ಬೋಮ್ ಇಟ್ಟಿಗೆ ಸುಡುವವರ ಊರು. ಟುಮಾರೋಲ್ಯಾಂಡ್ ನಡೆಯುವ ಜಾಗ ಇಟ್ಟಿಗೆಗಾಗಿ ಮಣ್ಣು ಅಗೆದು ಬಿಟ್ಟ ಹಳ್ಳ. ಚಿಕಾಗೋದ ಗೋದಾಮು, ಡೂಯಿಸ್‌ಬುರ್ಗ್‌ನ ಗೂಡ್ಸ್ ಯಾರ್ಡು, ಬೋಮ್‌ನ ಮಣ್ಣಿನ ಹಳ್ಳ, ಇವೆಲ್ಲ ಕೂಲಿಕಾರರು ಬೆವರು ಸುರಿಸಿ ಬಿಟ್ಟುಹೋದ ಜಾಗಗಳು. ಅಲ್ಲೀಗ ಒಳಗೆ ಹೋದರೆ ಯೂರೋ ನಡೆಯಲ್ಲ. 'ಮುತ್ತು' ಅನ್ನೋ ಹೆಸರಿನ ಬೇರೆಯೇ ನಾಣ್ಯ, ಕೈಗೆ ಕಟ್ಟಿದ ಪಟ್ಟಿಯಲ್ಲೇ ಲೆಕ್ಕ. ಹೆಚ್ಚು ಕೊಟ್ಟವರಿಗೆ ಎತ್ತರದ ಅಟ್ಟ, ಕಡಿಮೆ ಕೊಟ್ಟವರಿಗೆ ಕೆಳಗಿನ ಹುಲ್ಲು. ನಾಳೆಯ ಜನ ಅಂತ ತಮ್ಮನ್ನು ಕರೆದುಕೊಳ್ಳುವವರ ಲೋಕದಲ್ಲೂ ನಿನ್ನೆಯ ಮೆಟ್ಟಿಲುಗಳೇ ಇವೆ. 2014ರಲ್ಲಿ ಕ್ಯಾಲ್ವಿನ್ ಹ್ಯಾರಿಸ್ ಅನ್ನೋ ಸ್ಕಾಟ್ಲೆಂಡಿನ ಡಿಜೆಯ ವರ್ಷದ ಸಂಪಾದನೆ 6 ಕೋಟಿ 60 ಲಕ್ಷ ಡಾಲರ್ ಅಂತ ಫೋರ್ಬ್ಸ್ ಪತ್ರಿಕೆ ಲೆಕ್ಕ ಹಾಕಿತು. ಅದೇ ವರ್ಷ ಮಾರ್ಚ್ 31ರಂದು ಫ್ರ್ಯಾಂಕಿ ನಕಲ್ಸ್ ಚಿಕಾಗೋದಲ್ಲಿ ತೀರಿಕೊಂಡ. ಆ ಹಳೇ ವೇರ್‌ಹೌಸ್ ಕಟ್ಟಡಕ್ಕೆ ನಗರದ ಸ್ಮಾರಕ ಅನ್ನೋ ಮಾನ್ಯತೆ ಸಿಕ್ಕಿದ್ದು 2023ರಲ್ಲಿ. ಹುಟ್ಟಿಸಿದವರಿಗೆ ಫಲಕ, ಮಾರಿದವರಿಗೆ ಫಸಲು.

ಗೋವಾಕ್ಕೆ ಬನ್ನಿ, ಅಲ್ಲಿ ನಮ್ಮವರೇ ಸಿಗುತ್ತಾರೆ. ಅಂಜುನಾ ಕಡಲ ದಂಡೆಯಲ್ಲಿ ಹಿಪ್ಪಿಗಳು ಬಂದ ಕಾಲದಿಂದ ಬೆಳೆದ ರಾತ್ರಿ ಕುಣಿತವೇ ಮುಂದೆ ಗೋವಾ ಟ್ರಾನ್ಸ್ ಅಂತ ಲೋಕಕ್ಕೆಲ್ಲ ಹೆಸರಾಯಿತು. ಅರುಣ್ ಸಲ್ದಾನ್ಹಾ ಅನ್ನುವ ಸಂಶೋಧಕರು 2007ರಲ್ಲಿ ಅದರ ಬಗ್ಗೆ ಪುಸ್ತಕ ಬರೆದು, ಎಲ್ಲರೂ ಒಂದು ಅನ್ನೋ ಆ ಕುಣಿತದ ನೆಲದಲ್ಲೇ ಬಿಳಿಯ ಮೈಗಳು ಹೇಗೆ ಒಂದಕ್ಕೊಂದು ಅಂಟಿಕೊಂಡು ಉಳಿದವರನ್ನು ಅಂಚಿಗೆ ಸರಿಸುತ್ತಿದ್ದವು ಅಂತ ತೋರಿಸಿದ್ದಾರೆ. ಆ ದಂಡೆಯ ಮೇಲೆ ಮಣಿಸರ, ಕಾಲ್ಗೆಜ್ಜೆ, ಕನ್ನಡಿ ಕೂರಿಸಿದ ಚೀಲ ಹೊತ್ತು ಬಿಸಿಲಲ್ಲಿ ತಿರುಗುವ ಹೆಂಗಸರು ಯಾರು? ಉತ್ತರ ಕರ್ನಾಟಕದ ತಾಂಡಾಗಳಿಂದ ಹೊಟ್ಟೆಪಾಡಿಗೆ ಹೋದ ಲಂಬಾಣಿ ತಾಯಂದಿರು. ಮಳೆ ಕೈಕೊಟ್ಟ ಹೊಲ ಬಿಟ್ಟು, ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಹೋದವರು. ಉತ್ಸವದ ಹುಡುಗಿ ಬುಡಕಟ್ಟಿನ ವೇಷ ಅಂತ ಕನ್ನಡಿ ಕಸೂತಿಯ ರವಿಕೆ ತೊಟ್ಟು ಬೇಲಿಯ ಒಳಗೆ ಕುಣಿಯುತ್ತಾಳೆ. ಆ ಕಸೂತಿ ಯಾರ ಕೈಯದ್ದೋ ಆ ಅವ್ವ ಬೇಲಿಯ ಹೊರಗೆ ಗಿರಾಕಿಗಾಗಿ ಕಾಯುತ್ತಾಳೆ. ಸಂಡೂರು ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಕಸೂತಿಗೆ ಗುರುತು ಬಂತು, ಹೊಲಿದವಳ ಗುರುತು ಯಾರಿಗೆ ಬೇಕು?

ಇಲ್ಲಿ ನಮ್ಮ ತಮಟೆಯ ಮಾತು ಬಾರದೆ ಇರಲಾರದು. ಊರ ಜಾತ್ರೆಯಲ್ಲಿ ತಮಟೆಯನ್ನು ಬೆಂಕಿಗೆ ಕಾಯಿಸಿ ಬಡಿದರೆ ಮೇಲಿನವರಿಗೂ ಕಾಲು ನಿಲ್ಲುತ್ತಿರಲಿಲ್ಲ. ಗೌಡರ ಮಕ್ಕಳೂ ಕುಣಿದರು, ಶಾನುಭೋಗರ ಮಕ್ಕಳೂ ಶಿಳ್ಳೆ ಹಾಕಿದರು. ತೇರು ನೆಲೆಗೆ ನಿಂತ ಮೇಲೆ ಬಡಿದವನು ಗುಡಿಯ ಹೊರಗೇ, ಎಲೆ ಹಾಕುವಾಗ ಕೊನೆಯ ಸಾಲಿನ ಆಚೆಗೇ. ನಾದಕ್ಕೆ ಮೈಲಿಗೆಯಿಲ್ಲ, ಕೈಗೆ ಮೈಲಿಗೆ. ಅದಕ್ಕೇ ಎಷ್ಟೋ ಊರುಗಳಲ್ಲಿ ನಮ್ಮವರು ಇನ್ನು ತಮಟೆ ಬಡಿಯಲ್ಲ ಅಂದರು, ಅದಕ್ಕಾಗಿ ಬಹಿಷ್ಕಾರ ಹಾಕಿಸಿಕೊಂಡರು. ಮುಂದೆ ಅದೇ ತಮಟೆ ಚಳವಳಿಯ ಮೆರವಣಿಗೆಯಲ್ಲಿ ಮುಂದೆ ನಡೆಯಿತು. ಚರ್ಮ ಅದೇ, ಪೆಟ್ಟು ಅದೇ. ಬದಲಾದದ್ದು ಯಾರು ಯಾರಿಗಾಗಿ ಬಡಿಯುತ್ತಾರೆ ಅನ್ನುವುದು.

ಹಾಗಾದರೆ ಉತ್ತರ ಏನು? ಕುಣಿಯಬೇಡಿ ಅನ್ನಲು ನಮಗೆ ಬಾಯಿ ಬರುವುದಿಲ್ಲ. ಬರೇ ದುಡಿಯಲಿಕ್ಕೆ ಅಂತ ಬಳಸಿದ ಮೈ ನಮ್ಮದು. ಆ ಮೈ ಲಾಭವಿಲ್ಲದೆ, ಅಪ್ಪಣೆಯಿಲ್ಲದೆ, ತನ್ನ ಸಂತೋಷಕ್ಕೆ ಕುಣಿದರೆ ಅದೂ ಒಂದು ಬಂಡಾಯವೇ. ಸಂತೋಷವನ್ನು ಉಳ್ಳವರ ಸೊತ್ತು ಅಂತ ಬಿಟ್ಟುಕೊಡುವ ಕ್ರಾಂತಿ ನಮಗೆ ಬೇಡ. ಹಾಗೆಂದು ಆ ಸಂತೋಷವನ್ನೇ ಸಮಾನತೆ ಅಂತ ಒಪ್ಪಿಕೊಳ್ಳಲೂ ಆಗದು.

1927ರ ಮಾರ್ಚ್ 20ರಂದು ಮಹಾಡದಲ್ಲೂ ಸಾವಿರಾರು ಜನ ಸೇರಿದ್ದರು. ಬಾಬಾಸಾಹೇಬರು ಚವದಾರ್ ಕೆರೆಗಿಳಿದು ಬೊಗಸೆ ನೀರು ಕುಡಿದರು, ಹಿಂದೆ ಬಂದವರೂ ಕುಡಿದರು. ಅದೂ ಕೆಲವು ನಿಮಿಷದ ಕೆಲಸವೇ. ಆಮೇಲೆ ಏಟು ತಿಂದರು, ಕೆರೆಯನ್ನು ಮಡಿ ಮಾಡಿಸಿದರು, ಕೋರ್ಟಿಗೆ ಎಳೆದರು. ಆದರೂ ಅದು ನಿಜ. ಯಾಕೆಂದರೆ ಆ ಬೊಗಸೆ ನಾಳೆಯೂ ಕುಡಿಯುತ್ತೇವೆ ಅಂತ ಕೇಳಿತು. ಎಷ್ಟು ಹೊತ್ತು ಇತ್ತು ಅನ್ನೋದರಿಂದ ಸಮಾನತೆಯ ಬೆಲೆ ಕಟ್ಟಲಾಗದು. ಮೂರು ದಿನ ಅಂತ ಉತ್ಸವವನ್ನು ಹಳಿಯೋದು ತಪ್ಪು. ಬೇಲಿಯ ಆಚೆಗೆ ಅದು ಏನನ್ನು ಕೇಳುತ್ತದೆ ಅನ್ನೋದೇ ಒರೆಗಲ್ಲು. ಗೋದಾಮಿನ ಕುಣಿತ ಇರುವುದಕ್ಕೆ ಜಾಗ ಕೇಳಿತ್ತು. ಟಿಕೆಟ್ಟಿನ ಕುಣಿತ ಮುಂದಿನ ವರ್ಷದ ಟಿಕೆಟ್ಟನ್ನು ಕೇಳುತ್ತದೆ.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಎಚ್ಚರಿಸಿದ್ದು ನೆನಪಿರಲಿ. ರಾಜಕೀಯದಲ್ಲಿ ಸಮಾನತೆ, ಬದುಕಿನಲ್ಲಿ ಅಸಮಾನತೆ, ಈ ವಿರೋಧದೊಳಕ್ಕೆ ನಾವು ಕಾಲಿಡುತ್ತಿದ್ದೇವೆ ಅಂದರು. ಅದೇ ಮಾತನ್ನು ಸಂತೋಷಕ್ಕೂ ಹಚ್ಚಿ ನೋಡಬೇಕು. ರಾತ್ರಿ ಸಮಾನತೆ, ಹಗಲು ಅಸಮಾನತೆ. ಈ ಎರಡನ್ನೂ ಒಂದೇ ಎದೆಯಲ್ಲಿ ಎಷ್ಟು ದಿನ ಹೊರುತ್ತೀರಿ?

ಕುಣಿಯಲು ಹೋಗುವ ನಮ್ಮ ಮಕ್ಕಳಿಗೆ ನಾವು ಹೇಳುವುದು ಇಷ್ಟು. ಹೋಗಿ. ಇದು ನಿಮ್ಮಂಥವರೇ ಹುಟ್ಟಿಸಿದ ನಾದ, ಅದರಲ್ಲಿ ನಿಮಗೆ ಪಾಲಿದೆ. ಆದರೆ ಬೆಳಗಾದ ಮೇಲೆ, ಲೈಟು ಆರಿದ ಮೇಲೆ, ಆ ಬಯಲಿನಲ್ಲಿ ಬಿದ್ದ ಲೋಟ ಬಾಟ್ಲಿ ಗುಡಿಸುವವರ ಮುಖ ಒಂದು ಸಲ ನೋಡಿ. ಅವರ ಹೆಸರು ಕೇಳಿ, ಕೂಲಿ ಎಷ್ಟು ಅಂತ ಕೇಳಿ. ಯಾರೂ ನಿಮ್ಮನ್ನು ಯಾವ ಪೈಕಿ ಅಂತ ಕೇಳದ ಆ ರಾತ್ರಿಯ ರುಚಿಯನ್ನು ಮರೆಯಬೇಡಿ. ಆ ರುಚಿ ಹತ್ತಿದವರು ಆಫೀಸಿನಲ್ಲಿ, ಬಾಡಿಗೆ ಮನೆಯ ಬಾಗಿಲಲ್ಲಿ, ನಮ್ಮೂರ ಹೋಟ್ಲಿನಲ್ಲಿ ಆ ಪ್ರಶ್ನೆ ಬಂದಾಗ ಸುಮ್ಮನಿರಬಾರದು. ಸುಮ್ಮನಿದ್ದರೆ ಆ ರಾತ್ರಿ ಕೊಂಡುಕೊಂಡ ಸರಕಷ್ಟೇ. ಎದುರಿಸಿ ನಿಂತರೆ ಅದು ನೀವು ಗಳಿಸಿದ್ದು.