ಬದುಕುಳಿಯುವ ವಿದ್ಯೆ



ಬೇಸಿಗೆ ರಜೆ ಬಂತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿಯೂ ಶಾಲೆಗಳಲ್ಲಿಯೂ ಮಕ್ಕಳ ಶಿಬಿರಗಳು ಆರಂಭವಾಗುತ್ತವೆ. ಹಾಡು, ನಾಟಕ, ಬೈಬಲ್ ರಸಪ್ರಶ್ನೆಗಳ ಜೊತೆಗೆ ಈಗ ಕಾಡಿನಂಚಿನ ಶಿಬಿರಗಳೂ ಸೇರಿಕೊಂಡಿವೆ. ಹಗ್ಗಕ್ಕೆ ಗಂಟು ಹಾಕುವುದು, ದಿಕ್ಕು ಗುರುತಿಸುವುದು, ನೀರನ್ನು ಸೋಸಿ ಕಾಯಿಸಿ ಕುಡಿಯುವುದು, ದಾರಿ ತಪ್ಪಿದರೆ ಗಾಬರಿಗೊಳ್ಳದೆ ಇದ್ದಲ್ಲಿಯೇ ನಿಲ್ಲುವುದು, ಇವೆಲ್ಲವೂ ಮಕ್ಕಳಿಗೆ ಬೇಕಾದ ಪಾಠಗಳೇ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಕಾಡಿನಲ್ಲಿ ಬದುಕುಳಿಯುವುದನ್ನು ಕಲಿಸುವಾಗ ನಾವು ಮಗುವಿನ ಮನಸ್ಸಿನಲ್ಲಿ ಏನನ್ನು ಬಿತ್ತುತ್ತೇವೆ?

'ಹೇಗಾದರೂ ಸರಿ, ನೀನು ಉಳಿದುಕೋ' ಎಂಬುದಷ್ಟೇ ಪಾಠವಾದರೆ ಕಾಡು ಶತ್ರುವಾಗುತ್ತದೆ, ಜೊತೆಗಾರನು ಪ್ರತಿಸ್ಪರ್ಧಿಯಾಗುತ್ತಾನೆ. ಇಂತಹ ಪಾಠವನ್ನು ಕಲಿಯಲು ಮಗು ಕಾಡಿಗೆ ಹೋಗಬೇಕಾಗಿಲ್ಲ. ಪೇಟೆಯೇ ಅದನ್ನು ದಿನನಿತ್ಯ ಕಲಿಸುತ್ತಿದೆ.

ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ದೂರ ಹೋಗಬೇಕಾಗಿಲ್ಲ. ಯಳಂದೂರಿನ ಬಿಳಿಗಿರಿರಂಗನ ಬೆಟ್ಟದಲ್ಲಿ, ಹನೂರಿನ ಮಲೆ ಮಹದೇಶ್ವರ ಬೆಟ್ಟದ ಕಾಡುಗಳಲ್ಲಿ ಸೋಲಿಗರ ಪೋಡುಗಳಿವೆ. ಅವರು ಕಾಡುಗೆಣಸನ್ನು ಅಗೆಯುವಾಗ ಮತ್ತೆ ಚಿಗುರಲೆಂದು ಒಂದು ಭಾಗವನ್ನು ಮಣ್ಣಿನಲ್ಲಿಯೇ ಬಿಡುತ್ತಾರೆ. ಜೇನು ಇಳಿಸುವಾಗಲೂ ಇಡೀ ಹಟ್ಟಿಯನ್ನು ಬರಿದು ಮಾಡುವುದಿಲ್ಲ. ಹಿಂದೆ ಒಣಗಿದ ಎಲೆಗಳಿಗೆ ಸಕಾಲದಲ್ಲಿ 'ತರಗು ಬೆಂಕಿ' ಹಚ್ಚುತ್ತಿದ್ದರು. ಅದು ನಿಂತ ಮೇಲೆ ಲಂಟಾನ ಹಬ್ಬಿತೆಂಬುದು ಅವರ ಹಿರಿಯರ ಅಭಿಪ್ರಾಯ. ಎಷ್ಟು ತೆಗೆದುಕೊಳ್ಳಬೇಕು ಎಂಬುದರ ಜೊತೆಗೇ ಎಷ್ಟು ಬಿಡಬೇಕು ಎಂಬುದನ್ನೂ ಕಲಿತಾಗಲೇ ಅಲ್ಲಿ ವಿದ್ಯೆ ಪೂರ್ಣವಾಗುತ್ತದೆ.

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು: ಹಸಿವಿನಿಂದ ಸಾಯುವವನಿಗೆ ಮಿತಿಯ ಉಪದೇಶವೇ? ನ್ಯಾಯವಾದ ಮಾತು. ಕಡು ಕೊರತೆಯಲ್ಲಿರುವವನು ಪ್ರಾಣ ಉಳಿಸಿಕೊಳ್ಳಲು ಪರರ ಸೊತ್ತನ್ನು ತೆಗೆದುಕೊಂಡರೂ ಅದು ಕಳ್ಳತನವಲ್ಲವೆಂದು ಸಂತ ಥಾಮಸ್ ಅಕ್ವಿನಾಸರು 13ನೇ ಶತಮಾನದಲ್ಲಿಯೇ ಬೋಧಿಸಿದರು. ಹಸಿವಿಗೆ ಹಕ್ಕಿದೆ. ಆದರೆ ಆ ಹಕ್ಕು ನನ್ನೊಬ್ಬನದಲ್ಲ, ನಾಳೆ ಇದೇ ದಾರಿಯಲ್ಲಿ ಹಸಿದು ಬರುವವನಿಗೂ ಅದು ಉಂಟು. ಇಂದು ಮಣ್ಣಿನಲ್ಲಿ ಉಳಿಸಿದ ಗೆಣಸಿನ ತುಂಡು ಅವನ ಪಾಲು. ಆದ್ದರಿಂದ ಮಿತಿಯು ಬದುಕಿಗೆ ವಿರೋಧಿಯಲ್ಲ. ಹಲವರ ಬದುಕನ್ನು ಕಾಯುವ ಬೇಲಿ.

ಪವಿತ್ರ ಗ್ರಂಥವೂ ಇದನ್ನೇ ಸಾರುತ್ತದೆ. ಮರುಭೂಮಿಯಲ್ಲಿ ಇಸ್ರಯೇಲರಿಗೆ ಮನ್ನಾ ದೊರೆತದ್ದು ಆಯಾ ದಿನಕ್ಕೆ ಬೇಕಾದಷ್ಟು ಮಾತ್ರ. ಆಜ್ಞೆ ಮೀರಿ ಮರುದಿನಕ್ಕೆ ಇಟ್ಟುಕೊಂಡದ್ದು ಹುಳಬಿದ್ದು ನಾರಿತು. ದಾರಿಯಲ್ಲಿ ಹಕ್ಕಿಯ ಗೂಡು ಸಿಕ್ಕರೆ ಮರಿಗಳನ್ನು ತೆಗೆದುಕೊಂಡರೂ ತಾಯಿಹಕ್ಕಿಯನ್ನು ಬಿಟ್ಟುಬಿಡಬೇಕೆಂದು ಧರ್ಮೋಪದೇಶಕಾಂಡ ವಿಧಿಸುತ್ತದೆ. ಅಡವಿಯಲ್ಲಿ ನಲವತ್ತು ದಿನ ಉಪವಾಸವಿದ್ದು ಹಸಿದ ಪ್ರಭು ಯೇಸು, ಕಲ್ಲನ್ನು ರೊಟ್ಟಿಯಾಗಿಸುವ ಶೋಧನೆಗೆ ಮಣಿಯಲಿಲ್ಲ. ಆದರೆ ಅದೇ ಪ್ರಭು ಹಸಿದ ಜನಸಮೂಹಕ್ಕಾಗಿ ರೊಟ್ಟಿಗಳನ್ನು ಮುರಿದು ಹಂಚಿದರು. ಈ ಎರಡು ಘಟನೆಗಳನ್ನು ಒಟ್ಟಿಗೆ ಇಟ್ಟು ಧ್ಯಾನಿಸುವುದು ಒಳಿತು.

ಇನ್ನೊಂದು ಮಾತು ನ್ಯಾಯಕ್ಕೆ ಸಂಬಂಧಿಸಿದ್ದು. ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದದ್ದು 2011ರಲ್ಲಿ. ಅರಣ್ಯ ಹಕ್ಕು ಕಾಯ್ದೆಯ ಅಡಿಯಲ್ಲಿ ಅಲ್ಲಿನ ಸೋಲಿಗರ ಸಮುದಾಯ ಹಕ್ಕುಗಳಿಗೆ ಮನ್ನಣೆ ದೊರೆತದ್ದೂ ಅದೇ ವರ್ಷ. ಕಾಡಿನ ವಿದ್ಯೆಯನ್ನು ತಲೆತಲಾಂತರದಿಂದ ಕಾಪಾಡಿದವರು ತಮ್ಮ ಹಕ್ಕಿಗಾಗಿ ಅಷ್ಟು ಕಾಲ ಕಾಯಬೇಕಾಯಿತು. ಪೇಟೆಯ ಮಕ್ಕಳು ಹಣ ಕೊಟ್ಟು ಈ ವಿದ್ಯೆಯ ತುಣುಕನ್ನು ಕಲಿಯುವಾಗ, ವಸತಿ ಶಾಲೆಯಲ್ಲಿ ಓದುವ ಪೋಡಿನ ಮಗು ಅಜ್ಜನಿಂದ ಅದನ್ನು ಕೇಳಲು ಬಿಡುವಿಲ್ಲದೆ ಬೆಳೆಯುವಂತಾಗಬಾರದು.

ಆದುದರಿಂದ ಶಿಬಿರ ನಡೆಸುವ ಗುರುಗಳೇ, ಕನ್ಯಾಸ್ತ್ರೀಯರೇ, ಉಪದೇಶಿಗಳೇ, ಕೊಳ್ಳೇಗಾಲದ ಸುತ್ತಮುತ್ತ ಶಿಬಿರ ಏರ್ಪಡಿಸುವಾಗ ಒಬ್ಬ ಸೋಲಿಗ ಹಿರಿಯರನ್ನು ಗುರುವಾಗಿ ಆಹ್ವಾನಿಸಿರಿ; ಗುರುವಿಗೆ ಸಲ್ಲುವ ಗೌರವವನ್ನೂ ಸಂಭಾವನೆಯನ್ನೂ ಸಲ್ಲಿಸಿರಿ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಮಕ್ಕಳನ್ನು ಕಾಡಿಗೆ ಕರೆದೊಯ್ಯಬೇಡಿರಿ, ಬೇಸಿಗೆಯಲ್ಲಿ ಅಲ್ಲಿ ಕಿಡಿ ಹೊತ್ತಿಸಬೇಡಿರಿ. ಪೋಷಕರೇ, ಶಿಬಿರ ಮುಗಿಸಿ ಬಂದ ಮಗುವನ್ನು 'ಏನೇನು ಕಲಿತೆ?' ಎಂದು ಕೇಳುವಾಗ 'ಇನ್ನೊಬ್ಬರಿಗೆಂದು ಏನನ್ನು ಬಿಟ್ಟು ಬಂದೆ?' ಎಂದೂ ಕೇಳಿರಿ. ಆ ಪ್ರಶ್ನೆಗೆ ಉತ್ತರಿಸಬಲ್ಲ ಮಗು ಕಾಡಿನಲ್ಲಿಯೂ ನಾಡಿನಲ್ಲಿಯೂ ದೇವರ ಮಗುವಾಗಿ ಬಾಳುತ್ತದೆ.