ಹಾಸಿಗೆಯಲ್ಲಿ ಮಲಗಿದವರೂ ಸ್ವಾಮಿಯೇ



ಮಾಲೆ ಹಾಕಿದ ದಿನದಿಂದ ನಮಗೆ ಎದುರಾದವರೆಲ್ಲ ಸ್ವಾಮಿಯೇ. ಆಟೋ ಓಡಿಸುವವರು ಸ್ವಾಮಿ, ಚಹಾ ಕೊಡುವವರು ಸ್ವಾಮಿ, ಆಫೀಸಿನ ಮ್ಯಾನೇಜರೂ ಸ್ವಾಮಿ. ಆದರೆ ಇನ್ನು ಔಷಧಿ ಇಲ್ಲ ಎಂದು ಡಾಕ್ಟರು ಕೈಚೆಲ್ಲಿದ ಪಕ್ಕದ ಮನೆಯ ಅಜ್ಜನ ಮುಂದೆ ನಿಂತಾಗ ಏನಾಗುತ್ತದೆ? ಪ್ರಸಾದ ಕೊಡುತ್ತೇವೆ, ‘ಎಲ್ಲ ಅಯ್ಯಪ್ಪ ನೋಡ್ಕೋತಾನೆ’ ಅನ್ನುತ್ತೇವೆ, ಐದು ನಿಮಿಷಕ್ಕೆ ಹೊರಗೆ ಬರುತ್ತೇವೆ. ಆ ಮಾತು ಅಜ್ಜನಿಗೆ ಬೇಕಿತ್ತೋ, ನಮ್ಮ ಭಯಕ್ಕೆ ಬೇಕಿತ್ತೋ?

ಈ ಪ್ರಶ್ನೆಯನ್ನೇ ಪಾಠವಾಗಿ ಕಲಿಸುವ ಒಂದು ಪದ್ಧತಿ ಅಮೆರಿಕದಲ್ಲಿದೆ. ಅದು ಶುರುವಾದದ್ದು ಸೆಮಿನರಿಯಲ್ಲಿ, ಅಂದರೆ ಪಾದ್ರಿಯಾಗಲು ಓದುವ ಶಾಲೆಯಲ್ಲಿ, ಕಲಿಯುವ ಕ್ರೈಸ್ತ ವಿದ್ಯಾರ್ಥಿಗಳಿಗಾಗಿ. 1925ರಲ್ಲಿ ಆಂಟನ್ ಬಾಯ್ಸನ್ ಎಂಬ ಪಾದ್ರಿ ಮ್ಯಾಸಚೂಸೆಟ್ಸ್‌ನ ವುಸ್ಟರ್ ಮಾನಸಿಕ ಆಸ್ಪತ್ರೆಯಲ್ಲಿ ಇಂಥ ವಿದ್ಯಾರ್ಥಿಗಳಿಗೆ ತರಬೇತಿ ಆರಂಭಿಸಿದರು. ಅದಕ್ಕೂ ಮೊದಲು ಅವರೇ ಮಾನಸಿಕ ಕಾಯಿಲೆಯಿಂದ ಆಸ್ಪತ್ರೆ ಸೇರಿದ್ದವರು. ಧರ್ಮಗ್ರಂಥವನ್ನು ಓದುವಷ್ಟೇ ಶ್ರದ್ಧೆಯಿಂದ ರೋಗಿಯನ್ನೂ ಓದಬೇಕು, ರೋಗಿಯೂ ಒಂದು ಜೀವಂತ ಗ್ರಂಥ ಎಂಬುದು ಅವರ ನಿಲುವು.

ಸಾವಿನ ಹತ್ತಿರ ಇರುವವರ ವಿಷಯಕ್ಕೆ ಬಂದರೆ 1965ರ ಶಿಕಾಗೋ ಘಟನೆ ನೆನೆಯಬೇಕು. ನಾಲ್ವರು ಸೆಮಿನರಿ ವಿದ್ಯಾರ್ಥಿಗಳು ಎಲಿಸಬೆತ್ ಕ್ಯೂಬ್ಲರ್-ರಾಸ್ ಎಂಬ ಮನೋವೈದ್ಯೆಯ ಬಳಿ ಹೋದರು. ಮನುಷ್ಯನ ಬದುಕಿನ ಬಿಕ್ಕಟ್ಟಿನ ಬಗ್ಗೆ ಅಧ್ಯಯನ ಮಾಡಬೇಕು, ಸಹಾಯ ಮಾಡಿ ಎಂದು ಕೇಳಿದರು. ಸಾವಿಗಿಂತ ದೊಡ್ಡ ಬಿಕ್ಕಟ್ಟು ಯಾವುದಿದೆ, ಸಾಯುತ್ತಿರುವವರನ್ನೇ ಕೇಳೋಣ ಎಂದರು ಆಕೆ. ವಾರ್ಡಿನ ಡಾಕ್ಟರುಗಳು ಒಪ್ಪಲಿಲ್ಲ. ಕೊನೆಗೆ ಒಬ್ಬ ವೃದ್ಧರು ಸಿಕ್ಕರು. ಆಗಲೇ, ಅಲ್ಲೇ ಮಾತಾಡಬೇಕೆಂದು ಅವರಿಗೆ ಆಸೆ. ‘ನಾಳೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಬರುತ್ತೇನೆ’ ಎಂದು ಹೇಳಿ ವೈದ್ಯೆ ಹೊರಟರು. ಮರುದಿನ ಹೋದಾಗ ಆ ವೃದ್ಧರಿಗೆ ಮಾತಾಡುವ ಶಕ್ತಿ ಉಳಿದಿರಲಿಲ್ಲ. ಒಂದು ಗಂಟೆಯೊಳಗೆ ತೀರಿಹೋದರು. ಹೇಳಬೇಕೆಂದಿದ್ದ ಮಾತು ಅವರ ಜೊತೆಗೇ ಹೋಯಿತು. ತಾನು ಆವತ್ತೇ ಕೂರಬೇಕಿತ್ತು ಎಂಬುದನ್ನು ವೈದ್ಯೆ 1969ರ ತಮ್ಮ ಪುಸ್ತಕದಲ್ಲಿ ಮುಚ್ಚಿಡದೆ ಬರೆದಿದ್ದಾರೆ.

ಆಮೇಲೆ ಅದು ವಾರವಾರವೂ ನಡೆಯುವ ತರಗತಿಯಾಯಿತು. ಅಲ್ಲಿ ರೋಗಿಯೇ ಗುರು. ರೋಗಿ ಮಾತಾಡಿ ಹೋದ ಮೇಲೆ, ಕೇಳುತ್ತಿದ್ದಾಗ ತಮ್ಮೊಳಗೆ ಏನಾಯಿತು ಎಂದು ವಿದ್ಯಾರ್ಥಿಗಳು ಚರ್ಚಿಸುತ್ತಿದ್ದರು. ಬಾಯ್ಸನ್ ದಾರಿಯಲ್ಲಿ ಬೆಳೆದ ತರಬೇತಿಯಲ್ಲಿ ಇನ್ನೊಂದು ಅಭ್ಯಾಸವಿದೆ. ಅದರ ಒಂದು ಹಂತಕ್ಕೆ ಕನಿಷ್ಠ 400 ಗಂಟೆ. ರೋಗಿಯ ಜೊತೆ ಆಡಿದ ಮಾತನ್ನು ವಿದ್ಯಾರ್ಥಿ ನೆನಪಿನಿಂದ ಪದಪದವಾಗಿ ಬರೆದು ತರಬೇಕು. ‘ನನಗೆ ಭಯ ಆಗ್ತಿದೆ’ ಎಂದು ರೋಗಿ ಅಂದಾಗ ‘ಬನ್ನಿ, ಪ್ರಾರ್ಥಿಸೋಣ’ ಎಂದು ಬರೆದಿದ್ದರೆ, ಗುರು ಅಲ್ಲಿಯೇ ನಿಲ್ಲಿಸಿ ಕೇಳುತ್ತಾರೆ: ಪ್ರಾರ್ಥನೆ ಕೇಳಿದ್ದು ಯಾರು? ಅವರೋ, ನೀನೋ?

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ನನ್ನ ಹತ್ತಿರ ನಿಜವಾದ ಸಮಾಧಾನ ಇದ್ದರೆ ಅದನ್ನು ಕೊಡದೆ ಸುಮ್ಮನೆ ಕೂರುವುದು ಸರಿಯೇ? ಬಾಯಾರಿದವರಿಗೆ ನೀರು ಕೊಡದಂತೆ ಆಗುವುದಿಲ್ಲವೇ? ಆಕ್ಷೇಪ ಹಗುರವಲ್ಲ. ಆದರೆ ಒಂದನ್ನು ಗಮನಿಸಿ. ನಮ್ಮ ಮಾತು ಇಷ್ಟವಾಗದಿದ್ದರೆ ಆರೋಗ್ಯವಂತರು ಎದ್ದು ಹೋಗಬಹುದು. ಮಲಗಿದವರು ಎಲ್ಲಿಗೆ ಹೋಗುತ್ತಾರೆ? ‘ನನಗೇ ಯಾಕೆ ಹೀಗಾಯ್ತು’ ಎಂದು ನರಳುವವರಿಗೆ ‘ಪೂರ್ವಜನ್ಮದ ಕರ್ಮ’ ಎಂದರೆ, ನೋವಿನ ಮೇಲೆ ಅಪರಾಧವನ್ನೂ ಹೊರಿಸಿದಂತೆ. ಅವರು ಕೇಳಿದ್ದು ಉತ್ತರವನ್ನಲ್ಲ, ಕೇಳುವವರೊಬ್ಬರನ್ನು. ಅವರೇ ಶರಣು ಕೂಗಿಸಿ ಎಂದರೆ ಮನಸಾರೆ ಕೂಗೋಣ. ‘ನೀನು ದೇವರನ್ನು ನಂಬ್ತೀಯಾ’ ಎಂದು ಕೇಳಿದರೆ ಇದ್ದದ್ದನ್ನು ಎರಡು ಮಾತಿನಲ್ಲಿ ಹೇಳೋಣ. ಕೇಳದೆ ಕೊಟ್ಟ ವೇದಾಂತ ಮಾತ್ರ ಬೇಡ.

ಸನ್ನಿಧಾನದಲ್ಲಿ ‘ತತ್ತ್ವಮಸಿ’ ಎಂಬ ಬರಹ ನೋಡಿ ಕೈಮುಗಿಯುತ್ತೇವೆ. ಅದು ನಿಜವಾದರೆ ನಾವು ರೋಗಿಯ ಬಳಿಗೆ ಅಯ್ಯಪ್ಪನನ್ನು ಒಯ್ಯುವುದಿಲ್ಲ. ಆತ ನಮಗಿಂತ ಮೊದಲೇ ಆ ಮಂಚದ ಮೇಲೆ ಇದ್ದಾನೆ. ಆ ರೋಗಿ ಬೇರೆ ಧರ್ಮದವರಾಗಿರಲಿ, ದೇವರನ್ನೇ ನಂಬದವರಾಗಿರಲಿ, ಲೆಕ್ಕ ಬದಲಾಗುವುದಿಲ್ಲ. ಸ್ವಾಮಿಯ ಮುಂದೆ ಕೂತವನು ಉಪದೇಶ ಮಾಡುತ್ತಾನೆಯೇ?

‘ವ್ರತದಲ್ಲಿದ್ದೇವೆ, ಸೂತಕ ಆಗುವುದಿಲ್ಲವೇ’ ಎಂದು ಕನ್ನಿಸ್ವಾಮಿಗಳು ಕೇಳಬಹುದು. ಸೂತಕ ಸಾವಿನ ನಂತರದ ಮಾತು. ಉಸಿರಾಡುತ್ತಿರುವವರನ್ನು ನೋಡಲು ಹೋಗುವುದಕ್ಕೆ ಸೂತಕವೆಲ್ಲಿಯದು? ಸಂಶಯ ಇದ್ದರೆ ನಿಮ್ಮ ಗುರುಸ್ವಾಮಿಯನ್ನು ಕೇಳಿ, ಮಾಲೆ ತೆಗೆದ ಮೇಲಾದರೂ ಹೋಗಿ.

ಮುಂಬೈ ಬಾಂದ್ರಾದ ಶಾಂತಿ ಅವೇದನಾ ಸದನ 1986ರಿಂದ ಇದೆ, ದೇಶದ ಮೊದಲ ಹಾಸ್ಪಿಸ್ ಅದು. ಬೆಂಗಳೂರಿನಲ್ಲಿ ಕರುಣಾಶ್ರಯವಿದೆ. ಇಂಥ ಕಡೆ ಹೋಗುವುದಾದರೆ ಮೊದಲು ಅನುಮತಿ ಕೇಳಿ, ಅವರು ಹೇಳಿಕೊಟ್ಟಂತೆ ನಡೆಯಿರಿ. ಫೋಟೋ, ಸ್ಟೇಟಸ್ ಬೇಡ. ಪರ ಊರಿನಲ್ಲಿರುವ ನಮ್ಮ ಕೈಯಲ್ಲಿ ಒಂದು ವಿಶೇಷವಿದೆ: ನಮ್ಮ ಭಾಷೆ. ಊರು ಬಿಟ್ಟು ನಲವತ್ತು ವರ್ಷ ಮರಾಠಿ, ಹಿಂದಿ, ತಮಿಳಿನಲ್ಲಿ ಬದುಕಿದ ಹಿರಿಯರಿಗೆ ಕೊನೆಗಾಲದಲ್ಲಿ ಬಾಯಿಗೆ ಬರುವುದು ತಾಯಿನುಡಿ. ಸುತ್ತ ಯಾರಿಗೂ ಅದು ಅರ್ಥವಾಗದಿದ್ದರೆ? ‘ಯಾವೂರು ಅಜ್ಜ ನಿಮ್ದು?’ ಎಂದು ಕೇಳಿ ಕುರ್ಚಿ ಎಳೆದು ಕೂರಲು ಯಾವ ಪದವಿಯೂ ಬೇಡ. ಆಮೇಲೆ ಅವರು ಮಾತಾಡಲಿ. ನೀವು ನಾಳೆ ಎನ್ನಬೇಡಿ.

ಸ್ವಾಮಿಯೇ ಶರಣಂ ಅಯ್ಯಪ್ಪ.