ಕಾರಿನೊಳಗಿನ ಊಟ

"ಊಟ ತನ್ನಿಚ್ಛೆ, ನೋಟ ಪರರಿಚ್ಛೆ" ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ನಾನು ಪ್ರತಿ ವರ್ಷವೂ ಮಕ್ಕಳಿಗೆ ಹೇಳುವುದುಂಟು. ಹುಡುಗರು ಊಟದ ಮಾತನ್ನೇ ಒಂದು ಪುಟ ಬರೆದು ಬಿಡುತ್ತಾರೆ. ಹುಡುಗಿಯರು ಮಾತ್ರ ಊಟವನ್ನು ಎರಡು ವಾಕ್ಯಕ್ಕೆ ಮುಗಿಸಿ, ನೋಟದ ಕಡೆಗೆ ಬಂದು, ಅಲ್ಲಿ ಉದ್ದಕ್ಕೆ ಬರೆಯುತ್ತಾರೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಹೆಣ್ಣಿಗೆ ಉಡುವುದು ಹೇಗೋ ಹಾಗೆ ಉಣ್ಣುವುದೂ ಪರರಿಚ್ಛೆಯೇ ಆಗಿತ್ತು. ಏನು ಉಣ್ಣಬೇಕು ಎಂಬುದಿರಲಿ, ಯಾವಾಗ, ಎಲ್ಲಿ, ಯಾರ ಎದುರಿಗೆ ಎಂಬುದನ್ನೂ ಬೇರೆಯವರೇ ನಿರ್ಧರಿಸುತ್ತಿದ್ದರು. ಕಾರಿನೊಳಗೆ ಕೂತು ಉಣ್ಣುವ ಹೋಟೆಲುಗಳ ವಿಷಯ ಯೋಚಿಸುವಾಗ ನನಗೆ ಮೊದಲು ನೆನಪಾಗುವುದು ಇದೇ.

ನೀವೂ ಇಂಥ ಹೋಟೆಲನ್ನು ನೋಡಿರಬಹುದು. ಹಳೆಯ ಅಂಬಾಸಿಡರ್ ಅಥವಾ ಫಿಯೆಟ್ ಕಾರನ್ನು ಕೊಯ್ದು, ಅದರ ಸೀಟುಗಳನ್ನೇ ಕುರ್ಚಿ ಮಾಡಿ, ನಡುವೆ ಮೇಜು ಹಾಕಿರುತ್ತಾರೆ. ಗೋಡೆಯ ಮೇಲೆ ಚಕ್ರ, ಹಾರನ್ನು, ನಂಬರ್ ಪ್ಲೇಟು. ಇದು ಈಚಿನ ಮೋಜು. ಆದರೆ ನಮ್ಮದೇ ಕಾರಿನಲ್ಲಿ ಕೂತಿದ್ದು, ತಿಂಡಿಯನ್ನು ಅಲ್ಲಿಗೇ ತರಿಸಿಕೊಳ್ಳುವ ಪದ್ಧತಿ ತುಂಬ ಹಳೆಯದು. ಅಮೆರಿಕದ ಡಲ್ಲಾಸ್ ನಗರದಲ್ಲಿ 1921ರಲ್ಲೇ ಅಂಥದೊಂದು ಹೋಟೆಲು ಶುರುವಾಗಿತ್ತು. ನಮ್ಮ ಕಡೆಗೆ ಅದನ್ನು ತಂದವರಲ್ಲಿ ಒಬ್ಬರು ನಮ್ಮವರೇ. ಉಡುಪಿ ಕಡೆಯಿಂದ ಮದರಾಸಿಗೆ ಹೋಗಿ, ಹೋಟೆಲಿನಲ್ಲಿ ಸಣ್ಣಪುಟ್ಟ ಕೆಲಸ ಮಾಡುತ್ತ ಮೇಲೆ ಬಂದ ಕೆ. ಕೃಷ್ಣರಾಯರು 1938ರಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದರು. 1962ರಲ್ಲಿ ಕೆಥಡ್ರಲ್ ರಸ್ತೆಯಲ್ಲಿ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ತೆರೆದರು. ಮರಗಳ ನೆರಳಿನಲ್ಲಿ ಕಾರು ನಿಲ್ಲಿಸಿದರೆ ಮಾಣಿ ಬಂದು ಕಿಟಕಿಗೆ ತಟ್ಟೆಯನ್ನು ಸಿಕ್ಕಿಸಿ ಇಡ್ಲಿ, ದೋಸೆ, ಕಾಫಿ ಕೊಡುತ್ತಿದ್ದ. 2008ರಲ್ಲಿ ಅದು ಮುಚ್ಚಿತು. 2010ರಲ್ಲಿ ಆ ಜಾಗ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಾಯಿತು. ಬೆಂಗಳೂರಿನಲ್ಲಿ ಲ್ಯಾವೆಲ್ಲೆ ರಸ್ತೆಯ ಏರ್‌ಲೈನ್ಸ್ ಹೋಟೆಲು ಇದೇ ಬಗೆಯ ಉಪಚಾರಕ್ಕೆ ಹೆಸರಾಯಿತು.

ಮದುವೆಯಾದ ಹೊಸದರಲ್ಲಿ ಮದರಾಸಿನಲ್ಲಿದ್ದ ನನ್ನ ಅತ್ತಿಗೆ ವುಡ್‌ಲ್ಯಾಂಡ್ಸಿನ ಮಾತೆತ್ತಿದರೆ ಈಗಲೂ ಅರಳುತ್ತಾರೆ. ಕೈಗೂಸು ಅತ್ತರೆ ಯಾರೂ ತಿರುಗಿ ನೋಡುತ್ತಿರಲಿಲ್ಲ, ಸೆರಗು ಮರೆ ಮಾಡಿ ಹಾಲು ಕೊಡಬಹುದಿತ್ತು, ಬಿಸಿ ದೋಸೆಯನ್ನು ಬಿಸಿಯಾಗಿಯೇ ತಿನ್ನಬಹುದಿತ್ತು ಎನ್ನುತ್ತಾರೆ. ಮಕ್ಕಳ ತಾಯಂದಿರಿಗೆ ಇದರ ಬೆಲೆ ಗೊತ್ತು. ಆದರೆ ಅವರೇ ಇನ್ನೊಂದು ಮಾತನ್ನೂ ನಗುತ್ತ ಹೇಳುತ್ತಾರೆ. ತಟ್ಟೆ ಸಿಕ್ಕಿಸುತ್ತಿದ್ದುದು ಅಣ್ಣನ ಕಿಟಕಿಗಂತೆ. ಅಲ್ಲಿಂದ ಚಟ್ನಿ ಹಿಂದಿನ ಸೀಟಿಗೆ, ನೀರು ಮುಂದಿನ ಸೀಟಿಗೆ, ಚೆಲ್ಲಿದ ಸಾಂಬಾರು ಒರೆಸುವ ಬಟ್ಟೆ ಅತ್ತಿಗೆಯ ಕೈಗೆ. ಮಾಣಿ ಕಾರಿನ ಹೊರಗೆ ಬಡಿಸಿದರೆ ಇವರು ಕಾರಿನ ಒಳಗೆ ಬಡಿಸುತ್ತಿದ್ದರು! ಅಡಿಗೆಮನೆಗೆ ನಾಲ್ಕು ಚಕ್ರ ಬಂದರೂ ಬಡಿಸುವ ಕೈ ಬದಲಾಗಲಿಲ್ಲ.

ನಮ್ಮ ಉಮ್ಮತ್ತೂರು ವಿಜಯನಗರದ ಕೃಷ್ಣದೇವರಾಯನಿಗೇ ಎದುರು ನಿಂತ ಪಾಳೆಯಗಾರರ ಊರು. ಚರಿತ್ರೆ ಪಾಠದಲ್ಲಿ ಇದನ್ನು ಹೇಳುವಾಗ ಮಕ್ಕಳ ಎದೆ ಉಬ್ಬುತ್ತದೆ. ಆದರೆ ನಾನು ಚಿಕ್ಕವಳಿದ್ದಾಗ ಊರಿನ ಒಬ್ಬ ಹೆಂಗಸೂ ಹೋಟೆಲಿನ ಬೆಂಚಿನ ಮೇಲೆ ಕೂತು ಒಂದು ಲೋಟ ಕಾಫಿ ಕುಡಿದದ್ದನ್ನು ನಾನು ನೋಡಲಿಲ್ಲ. ಚಾಮರಾಜನಗರಕ್ಕೋ ಮೈಸೂರಿಗೋ ಹೋದಾಗ ಹಸಿವಾದರೆ ಬುತ್ತಿ ಬಿಚ್ಚಿ, ಗೋಡೆಗೆ ಮುಖ ಮಾಡಿ ತಿನ್ನುತ್ತಿದ್ದರು. ಆಮೇಲೆ ಫ್ಯಾಮಿಲಿ ರೂಮುಗಳು ಬಂದವು. ನಿಮಗೂ ನೆನಪಿರಬಹುದು: ಎದೆಮಟ್ಟದ ಹಲಗೆಯ ಬಾಗಿಲು, ಮಾಸಿದ ಹಸಿರು ಪರದೆ, ಒಳಗೆ ತಿರುಗದ ಫ್ಯಾನು. ಉಳಿದ ಗಿರಾಕಿಗಳಿಗೆ ಗಾಳಿ ಬೆಳಕಿನ ಹಾಲು, ನಮಗೆ ಈ ಗೂಡು. ಆದರೂ ಅದು ಸಿಕ್ಕಿದ್ದಕ್ಕೇ ನಾವು ಸಂತೋಷಪಟ್ಟೆವು.

ಕೆಲವು ವರ್ಷಗಳ ಹಿಂದೆ ತಂಗಿಯ ಮಗಳು ನನ್ನನ್ನೂ ನಮ್ಮ ಅಮ್ಮನನ್ನೂ ಕಾರಿನ ಅಲಂಕಾರದ ಒಂದು ಹೋಟೆಲಿಗೆ ಕರೆದುಕೊಂಡು ಹೋಗಿದ್ದಳು. ನಮ್ಮನ್ನು ಕೂರಿಸಿದ್ದು ಒಂದು ಹಳೆಯ ಕಾರಿನ ಒಡಲಿನೊಳಗೆ. ನನಗೆ ಇರುಸುಮುರುಸಾಯಿತು. ಇಷ್ಟು ದೊಡ್ಡ ಹಾಲಿರುವಾಗ ಈ ಡಬ್ಬಿಯೊಳಗೇಕೆ ಮುದುಡಬೇಕು? ಅಮ್ಮ ಮಾತ್ರ ಸೀಟನ್ನು ಸವರಿ ನೋಡಿ, ಸೆರಗು ಸರಿಮಾಡಿಕೊಂಡು, "ಇಲ್ಲಿ ಯಾರೂ ನೋಡದಿಲ್ಲ ಕನವ್ವ, ನೆಮ್ಮದಿಯಾಗಿ ಉಣ್ಬೋದು" ಎಂದರು. ಎರಡು ಸಲ ಕೇಳಿ ಹಾಕಿಸಿಕೊಂಡು ಉಂಡರು. ಎಲ್ಲರದೂ ಆದ ಮೇಲೆ ತಳದಲ್ಲಿ ಉಳಿದದ್ದನ್ನು ಒಲೆಯ ಮುಂದೆ ಕೂತು ಉಣ್ಣುತ್ತಿದ್ದವರು ಅವರು. ಎಂಬತ್ತರ ಹತ್ತಿರ ಬಂದ ಮೇಲೆ ಎಲ್ಲರ ಜೊತೆಯಲ್ಲಿ, ಅದೇ ಹೊತ್ತಿನಲ್ಲಿ, ಬಿಸಿಯನ್ನ ಉಂಡರು. ಅದಕ್ಕೂ ಒಂದು ಮರೆ ಬೇಕಾಯಿತು. ಅವರ ಸಂತೋಷವನ್ನು ನಾನು ಅಲ್ಲಗಳೆಯಲಾರೆ. ಆದರೆ ಆ ಮರೆ ಅವರಿಗೆ ಯಾಕೆ ಬೇಕಾಯಿತು ಎಂಬುದು ಮಾತ್ರ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಹತ್ತು ಜನರ ನಡುವೆ ಇದ್ದೂ ಅವರಿಂದ ಬೇರೆಯಾಗಿ ಕೂತು ಉಣ್ಣುವುದು ಸರಿಯೇ? ಒಬ್ಬರು, ನಮ್ಮ ದುಡ್ಡು, ನಮ್ಮ ಕಾರು, ಕೇಳುವವರು ಯಾರು ಎನ್ನಬಹುದು. ಇನ್ನೊಬ್ಬರು, ಇದು ಸೊಕ್ಕು ಎನ್ನಬಹುದು. ಎರಡೂ ಅವಸರದ ಮಾತುಗಳು. ಕಾರಿನೊಳಗಿನ ಊಟ ನೋಡಲು ಎಲ್ಲ ಕಡೆಯೂ ಒಂದೇ ಥರ. ಅದರ ಹಿಂದಿನ ಕಾರಣ ಒಂದೇ ಅಲ್ಲ.

ಅಮೆರಿಕದ ಮಾತನ್ನೇ ತೆಗೆದುಕೊಳ್ಳಿ. ಬಿಳಿಯರು ಖುಷಿಗಾಗಿ ಕಾರಿನಲ್ಲಿ ಕೂತು ತಿಂಡಿ ತರಿಸಿಕೊಳ್ಳುತ್ತಿದ್ದ ಕಾಲದಲ್ಲೇ ಅದೇ ದೇಶದ ಕರಿಯ ಸಂಸಾರಗಳು ದೂರ ಪ್ರಯಾಣ ಹೊರಟರೆ ಕಾರಿನಲ್ಲೇ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದವು. ದಾರಿಯ ಎಷ್ಟೋ ಹೋಟೆಲುಗಳು ಅವರನ್ನು ಒಳಗೆ ಸೇರಿಸುತ್ತಿರಲಿಲ್ಲ. ಅವರಿಗೆ ಎಲ್ಲೆಲ್ಲಿ ಊಟ, ವಸತಿ ಸಿಕ್ಕೀತು ಎಂದು ತಿಳಿಸಲು ವಿಕ್ಟರ್ ಗ್ರೀನ್ ಎಂಬ ಅಂಚೆ ನೌಕರ 1936ರಿಂದ ಒಂದು ಕೈಪಿಡಿಯನ್ನೇ ಹೊರತರಬೇಕಾಯಿತು. 1960ರ ಫೆಬ್ರವರಿ 1ರಂದು ಗ್ರೀನ್ಸ್‌ಬರೋ ಊರಿನಲ್ಲಿ ನಾಲ್ವರು ಕರಿಯ ವಿದ್ಯಾರ್ಥಿಗಳು ಬಿಳಿಯರಿಗೇ ಮೀಸಲಾದ ಊಟದ ಕಟ್ಟೆಯಲ್ಲಿ ಹೋಗಿ ಕೂತರು. ಬಡಿಸಲಿಲ್ಲ, ಅವರು ಏಳಲೂ ಇಲ್ಲ. 1964ರ ಕಾಯಿದೆ ಬರುವವರೆಗೆ ಇಂಥ ಎಷ್ಟೋ ಕೂರುವಿಕೆಗಳು ನಡೆದವು. ಒಂದು ಕಾರಿನಲ್ಲಿ ಕೂತವರು ಹೊರಗೆ ಹೋಗಬಹುದಿತ್ತು, ಹೋಗಲಿಲ್ಲ. ಇನ್ನೊಂದರಲ್ಲಿ ಕೂತವರು ಹೋಗುವಂತೆಯೇ ಇರಲಿಲ್ಲ.

ಅಷ್ಟು ದೂರ ಹೋಗುವುದೂ ಬೇಡ. ನನ್ನ ಬಾಲ್ಯದಲ್ಲಿ ಒಂದು ಹಳ್ಳಿಯ ಚಹಾದ ಅಂಗಡಿಯಲ್ಲಿ ಕೆಲವರಿಗೆ ಮಾತ್ರ ಬೇರೆ ಲೋಟ ಇಟ್ಟಿದ್ದನ್ನು ನಾನೇ ಕಂಡಿದ್ದೇನೆ. ಅವರು ಜಗಲಿಯ ಕೆಳಗೆ ನಿಂತು ಕುಡಿದು, ಲೋಟವನ್ನು ತಾವೇ ತೊಳೆದಿಟ್ಟು ಹೋಗುತ್ತಿದ್ದರು. ನಮ್ಮ ಸಂವಿಧಾನದ 15ನೇ ವಿಧಿ ಜಾತಿ, ಧರ್ಮ, ಲಿಂಗದ ಕಾರಣಕ್ಕೆ ಯಾರನ್ನೂ ಅಂಗಡಿ, ಹೋಟೆಲುಗಳಿಂದ ದೂರ ಇಡಬಾರದು ಎಂದು ಹೆಸರಿಟ್ಟೇ ಹೇಳುತ್ತದೆ. ಒಂದು ದೇಶದ ಮೂಲ ಕಾಯಿದೆಯಲ್ಲಿ ಹೋಟೆಲಿನ ಹೆಸರು ಏಕೆ ಬರಬೇಕಾಯಿತು ಎಂದು ಮಕ್ಕಳು ಕೇಳುತ್ತಾರೆ. ಮನುಷ್ಯನನ್ನು ಮನುಷ್ಯ ಅತಿ ಸುಲಭವಾಗಿ ಅವಮಾನಿಸುವ ಜಾಗ ಊಟದ ಜಾಗ, ಅದಕ್ಕೇ ಎಂದು ಹೇಳುತ್ತೇನೆ.

ಹೀಗಾಗಿ ನನಗೆ ತೋಚುವುದು ಇಷ್ಟು. ಎಲ್ಲರ ಎದುರು ಕೂತು ಉಣ್ಣುವ ಹಕ್ಕು ಇದ್ದವರಿಗೆ ಮಾತ್ರ ಮರೆಯಲ್ಲಿ ಉಣ್ಣುವುದು ಒಂದು ಸುಖ. ಆ ಹಕ್ಕು ಇಲ್ಲದವರಿಗೆ ಮರೆ ಎಂಬುದು ಸುಖದ ಹೆಸರು ಹೊತ್ತ ನಿರ್ಬಂಧ. ನಮ್ಮ ಹೆಣ್ಣುಮಕ್ಕಳು ಗೆಳತಿಯರೊಡನೆ ಹೋಟೆಲಿನ ನಡುಮೇಜಿನಲ್ಲಿ ಕೂತು, ನಕ್ಕು, ಉಂಡು, ಬಿಲ್ಲು ಕೊಟ್ಟು ಬರುವಂತಾಗಲಿ. ಆಮೇಲೆ ಬೇಕೆನಿಸಿದ ದಿನ ಅವರು ಕಾರಿನಲ್ಲೂ ಉಣ್ಣಲಿ, ನನ್ನದೇನೂ ತಕರಾರಿಲ್ಲ. ಅಮ್ಮನಿಗೆ ಮೊದಲನೆಯದು ಸಿಗಲೇ ಇಲ್ಲ. ಅವರಿಗೆ ನೇರವಾಗಿ ಸಿಕ್ಕಿದ್ದು ಎರಡನೆಯದು.

ಕಾರಿನ ಗಾಜಿಗೆ ಇನ್ನೊಂದು ಮಗ್ಗುಲೂ ಇದೆ. ಅದು ಒಳಗಿನವರನ್ನು ಹೊರಗಿನವರಿಂದ ಮರೆಮಾಡುವಂತೆ ಹೊರಗಿನವರನ್ನೂ ಒಳಗಿನವರಿಂದ ಮರೆಮಾಡುತ್ತದೆ. ಮುಂಗಾರಿನ ತಿಂಗಳುಗಳಲ್ಲಿ ಗುಂಡ್ಲುಪೇಟೆಯ ಹೆದ್ದಾರಿಯ ಬದಿಗೆ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳು ಅರಳುತ್ತವೆ. ಊಟಿಗೋ ಕೇರಳಕ್ಕೋ ಹೋಗುವ ಕಾರುಗಳು ಅಲ್ಲಿ ಸಾಲಾಗಿ ನಿಲ್ಲುತ್ತವೆ. ಒಳಗೆ ಕೂತವರು ಪೊಟ್ಟಣ ಬಿಚ್ಚಿ ತಿನ್ನುತ್ತಾರೆ. ಬಂಡೀಪುರದ ಕಾಡಿನ ದಾರಿ ರಾತ್ರಿ ಒಂಬತ್ತಕ್ಕೆ ಮುಚ್ಚುತ್ತದೆ. 2009ರಿಂದ ಇದು ನಡೆದುಬಂದಿದೆ. ಹಾಗಾಗಿ ಸಂಜೆಯಾದರೆ ಎಲ್ಲರಿಗೂ ಅವಸರ, ಇಳಿದು ಕೂರಲು ಪುರಸೊತ್ತಿಲ್ಲ. ಅದೇ ಹೊಲದ ಬದುವಿನಲ್ಲಿ ಹೂ ಕೊಯ್ಯುವ ಹೆಂಗಸರು ಮುದ್ದೆ, ಉಪ್ಪೆಸರು ಬಿಚ್ಚಿಕೊಂಡು ಕೂತಿರುತ್ತಾರೆ. ಎರಡು ಊಟಗಳ ನಡುವೆ ಹತ್ತು ಮಾರು ದೂರವಿಲ್ಲ. ಕಾರಿನವರಿಗೆ ಹೂ ಕಾಣುತ್ತದೆ, ಹೂ ಕೊಯ್ದ ಕೈ ಕಾಣುವುದಿಲ್ಲ. ಬೇಕೆಂದೇ ಯಾರೂ ಹೀಗೆ ಮಾಡುವುದಿಲ್ಲ, ನಿಜ. ಗಾಜು ಏರಿಸಿ ರೂಢಿಯಾಗಿರುತ್ತದೆ, ಅಷ್ಟೆ.

ಹೋಟೆಲಿನಲ್ಲೂ ಹಾಗೆಯೇ. ಕಿಟಕಿಯಲ್ಲಿ ತಟ್ಟೆ ಹಿಡಿದ ಹುಡುಗ ಬಗ್ಗಿ ನಿಲ್ಲುತ್ತಾನೆ. ಒಳಗಿನವರಿಗೆ ಅವನ ಕೈ, ಅಂಗಿಯ ಗುಂಡಿ ಕಂಡೀತೇ ಹೊರತು ಮುಖ ಕಾಣದು. ಮುಖ ಕಾಣದವರ ಮೇಲೆ ಸಿಡುಕುವುದು ಎಷ್ಟು ಸುಲಭ! ಮನೆಯಲ್ಲಿ ಇಷ್ಟು ವರ್ಷ ಹೀಗೆಯೇ ಮುಖ ಕಾಣದಂತೆ ಬಡಿಸಿದವರು ನಾವು. ಒಂದು ಒಳ್ಳೆಯ ಮಾತಿಲ್ಲದೆ ಬಡಿಸುವ ಕಷ್ಟ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಮ್ಮ ಜಿಲ್ಲೆಯ ಚಿಕ್ಕಲ್ಲೂರಿನಲ್ಲಿ ಜನವರಿಯ ಹುಣ್ಣಿಮೆಯ ಹೊತ್ತಿಗೆ ಸಿದ್ದಪ್ಪಾಜಿಯ ಜಾತ್ರೆ ಐದು ದಿನ ನಡೆಯುತ್ತದೆ. ಅದರಲ್ಲಿ ಒಂದು ದಿನ ಪಂಕ್ತಿಸೇವೆ. ಬಿಡಾರ ಹೂಡಿದವರು ಬಯಲಿನಲ್ಲೇ ಒಲೆ ಹೂಡಿ ಅಡಿಗೆ ಮಾಡುತ್ತಾರೆ. ಜಾತಿ ಕೇಳದೆ ಒಟ್ಟಿಗೆ ಕೂತು ಉಣ್ಣುವುದೇ ಆ ಸೇವೆಯ ತಿರುಳು. ಗೋಡೆಯಿಲ್ಲ, ಪರದೆಯಿಲ್ಲ, ಹೆಂಗಸರಿಗೆಂದು ಬೇರೆ ಗೂಡಿಲ್ಲ. ವರ್ಷದ ಉಳಿದ ದಿನಗಳಲ್ಲಿ ಊರುಗಳು ಹಾಗಿರುವುದಿಲ್ಲ ಎಂಬುದು ನನಗೂ ಗೊತ್ತು. ಆದರೂ ಆ ಒಂದು ದಿನ ಹೀಗೆ ಕೂರಬೇಕೆಂದು ತಿಳಿದವರು ನಮ್ಮ ಹಿಂದಿನವರಲ್ಲೂ ಇದ್ದರು ಎಂಬುದು ಸಣ್ಣ ಮಾತಲ್ಲ.

ಕಾರಿನ ಹೋಟೆಲಿಗೆ ಹೋಗಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಹೋದಾಗ ಮನೆಯ ಹಿರಿಯ ಹೆಂಗಸನ್ನು ಕಿಟಕಿಯ ಪಕ್ಕ ಕೂರಿಸಿ, ಮೊದಲ ತಟ್ಟೆಯನ್ನು ಅವಳ ಕೈಗೆ ಕೊಡಿಸಿ. ಚಟ್ನಿ ದಾಟಿಸುವ ಕೆಲಸವನ್ನು ಈ ಸಲ ಗಂಡುಮಕ್ಕಳು ಮಾಡಲಿ. ಗಾಜನ್ನು ಪೂರ್ತಿ ಇಳಿಸಿ, ತಟ್ಟೆ ತಂದವನ ಮುಖ ನೋಡಿ, ನಿನ್ನದು ಊಟವಾಯಿತೇನಪ್ಪ ಎಂದು ಒಂದು ಮಾತು ಕೇಳಿ.